ಸ್ಮಾರಕದ ಲೆಕ್ಕ ಕೇಳಿದ ಊರು: ಮಲೆನಾಡಿನ ಒಂದು ಪ್ರಕರಣ

ಇದು ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಭಾಗದ ಒಂದು ಗ್ರಾಮ ಪಂಚಾಯಿತಿಯಲ್ಲಿ ನಡೆದದ್ದು. ಊರು, ಹೆಸರು, ಇಸವಿ ಯಾವುದನ್ನೂ ಬರೆಯುತ್ತಿಲ್ಲ. ಹಣದ ಮೊತ್ತವನ್ನೂ ಬಿಟ್ಟಿದ್ದೇನೆ. ಅದೊಂದು ಬರೆದರೂ ಸಾಕು, ನಮ್ಮ ಕಡೆಯವರಿಗೆ ಊರು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಒಂದೆರಡು ವಿವರ ಬದಲಿಸಿದ್ದೇನೆ. ಆದರೆ ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು ಅನ್ನುವುದು ಇದ್ದ ಹಾಗೇ ಇದೆ. ಕೊನೆಗೆ ಲೆಕ್ಕ ನೋಡಲು ಕೂತವರಲ್ಲಿ ನಾನೂ ಒಬ್ಬ.

ಹಿನ್ನೆಲೆ

ಊರಿನ ಅರ್ಧದಷ್ಟು ಮನೆಗಳು ಮುಳುಗಡೆಯವರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯಿಂದ ಎದ್ದು ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಕೂತ ಜಾಗಕ್ಕೆ ಪಹಣಿ ಸಿಗದೆ ಇನ್ನೂ ತಾಲ್ಲೂಕು ಕಚೇರಿಗೆ ಅಲೆಯುವವರು ಇದ್ದಾರೆ. ವೇದಿಕೆ ಮೇಲೆ ಕೊಡುವ ಮಾತಿನ ಬೆಲೆ ಎಷ್ಟು ಅಂತ ಇಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ. ಹಾಗಿದ್ದೂ ಆ ದಿನ ಎಲ್ಲರೂ ನಂಬಿದರು.

ಆ ದಿನ ಅಂದರೆ ಊರಿನ ಯೋಧನ ಅಂತ್ಯಕ್ರಿಯೆಯ ದಿನ. ಉತ್ತರದ ಗುಡ್ಡಗಾಡಿನಲ್ಲಿ ಕರ್ತವ್ಯದ ಮೇಲೆ ಹೋಗುತ್ತಿದ್ದ ವಾಹನ ಕಂದಕಕ್ಕೆ ಬಿದ್ದು ತೀರಿಕೊಂಡಿದ್ದರು. ಶಿವಮೊಗ್ಗದಿಂದ ಊರಿನ ತನಕ ದಾರಿಯುದ್ದಕ್ಕೂ ಜನ. ಶಾಲೆಯ ಮಕ್ಕಳು ಮಳೆಯಲ್ಲಿ ಬಾವುಟ ಹಿಡಿದು ನಿಂತಿದ್ದರು. ಮೈಕ್ ಹಿಡಿದವರು ಒಬ್ಬರ ಮೇಲೊಬ್ಬರು ಭರವಸೆ ಕೊಟ್ಟರು. ಕುಟುಂಬಕ್ಕೆ ಎರಡು ಎಕರೆ ಜಮೀನು, ಊರಿನ ರಸ್ತೆಗೆ ಯೋಧನ ಹೆಸರು, ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಪುತ್ಥಳಿ. ಚಪ್ಪಾಳೆ ಬಿತ್ತು. ಬರೆದುಕೊಂಡವರು ಯಾರೂ ಇರಲಿಲ್ಲ.

ಆಮೇಲೆ ಹುಡುಗರೇ ಮುಂದೆ ಬಂದು ಸ್ಮಾರಕ ಸಮಿತಿ ಮಾಡಿದರು. ನೋಂದಣಿ ಇಲ್ಲ. ಬ್ಯಾಂಕ್ ಖಾತೆ ಖಜಾಂಚಿಯ ಸ್ವಂತ ಹೆಸರಿನದು. ಫ್ಲೆಕ್ಸಿನಲ್ಲಿ ಅವರದೇ ಫೋನ್‌ಪೇ ಕ್ಯೂಆರ್ ಕೋಡ್. ಹಣ ಚೆನ್ನಾಗಿಯೇ ಬಂತು. ಅಡಿಕೆ ಸುಗ್ಗಿಯ ಸಮಯ ಬೇರೆ. ಕೆಲವರು ಅಡಿಕೆ ಮಂಡಿಯ ಮಾರಾಟ ಪಟ್ಟಿಯಲ್ಲೇ ಇಷ್ಟು ಅಂತ ಹಿಡಿಸಿ ಕೊಟ್ಟರು. ಸ್ತ್ರೀಶಕ್ತಿ ಸಂಘದವರು ಉಳಿತಾಯದಿಂದ ಕೊಟ್ಟರು. ಪಂಚಾಯಿತಿಯೂ ತನ್ನ ಸ್ವಂತ ಆದಾಯದಿಂದ ಒಂದಿಷ್ಟು ಕೊಟ್ಟಿತು. ಈ ಕೊನೆಯದು ಮುಂದೆ ಇಡೀ ಪ್ರಕರಣಕ್ಕೆ ಬಾಗಿಲಾಯಿತು.

ಏನು ಕೆಟ್ಟಿತು

ಎರಡು ಮಳೆಗಾಲ ಕಳೆದರೂ ಸರ್ಕಲ್ಲಿನಲ್ಲಿ ಇದ್ದದ್ದು ಜಂಬಿಟ್ಟಿಗೆಯ ಒಂದು ಮೋಟು ಕಟ್ಟೆ. ಪುತ್ಥಳಿ ಬರಲಿಲ್ಲ. ಅಧಿಕಾರಿಗಳು ತಡೆದರು, ಸೈನಿಕನ ಸ್ಮಾರಕಕ್ಕೂ ಅಡ್ಡಗಾಲು ಹಾಕುತ್ತಾರೆ ಅಂತ ಮಾತು ಹರಿದಾಡಿತು. ಲೋಕೋಪಯೋಗಿ ಇಲಾಖೆ ನೋಟಿಸ್ ಕೊಟ್ಟದ್ದು ನಿಜ. ಆದರೆ ಯಾಕೆ ಅಂತ ಯಾರೂ ಆ ಕಾಗದ ಓದಿರಲಿಲ್ಲ. ಕಟ್ಟೆ ಎದ್ದದ್ದು ರಾಜ್ಯ ಹೆದ್ದಾರಿಯ ಅಂಚಿನಲ್ಲಿ. ರಸ್ತೆ, ಪಾದಚಾರಿ ಮಾರ್ಗದಂಥ ಸಾರ್ವಜನಿಕ ಜಾಗದಲ್ಲಿ ಪುತ್ಥಳಿ ನಿಲ್ಲಿಸಲು ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಆದೇಶ ಮಾಡಿದೆ. ಅಂದರೆ ಆ ಜಾಗದಲ್ಲಿ ಮೊದಲ ಕಲ್ಲು ಇಡುವಾಗಲೇ ಅದು ನಿಲ್ಲುವ ಕೆಲಸವಾಗಿರಲಿಲ್ಲ. ಪಂಚಾಯಿತಿಯ ಒಪ್ಪಿಗೆ ಕೂಡ ಬಾಯಿಮಾತಿನದು.

ಇನ್ನೊಂದು ಕಡೆ ಯೋಧನ ಪತ್ನಿಯ ಕಥೆ. ಪಿಂಚಣಿ ಪೂರ್ತಿ ಇತ್ಯರ್ಥ ಆಗಿರಲಿಲ್ಲ. ಎರಡನೇ ಮಗುವಿನ ಹೆಸರು ಸೇನೆಯ ದಾಖಲೆಗೆ ಸೇರಿರಲಿಲ್ಲ. ಸೈನ್ಯದಲ್ಲಿದ್ದವರು ಇದನ್ನು ‘ಪಾರ್ಟ್ ಟು ಆರ್ಡರ್ ಆಗಿಲ್ಲ’ ಅನ್ನುತ್ತಾರೆ. ಮದುವೆ, ಮಗುವಿನ ಜನನ ಎಲ್ಲವೂ ಆ ಆದೇಶದಲ್ಲಿ ಪ್ರಕಟವಾದರೆ ಮಾತ್ರ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಕಣ್ಣಿಗೆ ಅವರು ಕುಟುಂಬದವರು. ಜೊತೆಗೆ ಆಧಾರಿನಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು ಹೆಸರು. ಎರಡು ಎಕರೆ ಜಮೀನಿನ ಅರ್ಜಿ ಯಾವ ಟೇಬಲ್ಲಿನಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಸಮಿತಿಯವರು ವರ್ಷಕ್ಕೊಮ್ಮೆ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸದಂದು, ಅವರನ್ನು ವೇದಿಕೆಗೆ ಕರೆದು ಸೀರೆ, ಶಾಲು, ಹಣ್ಣಿನ ತಟ್ಟೆ ಕೊಡುತ್ತಿದ್ದರು. ಪಿಂಚಣಿ ಎಷ್ಟು ಬರುತ್ತಿದೆ ಅಂತ ಒಬ್ಬರೂ ಕೇಳಿರಲಿಲ್ಲ.

ಕೇಳಿದವನಿಗೆ ಆದದ್ದು

ಮೊದಲು ಲೆಕ್ಕ ಕೇಳಿದ್ದು ಊರಿನ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಕೆಲಸ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ಬರೆದ: ಅಣ್ಣನ ಸ್ಮಾರಕಕ್ಕೆ ಎಷ್ಟು ದುಡ್ಡು ಬಂತು, ಎಷ್ಟು ಖರ್ಚಾಯಿತು, ಒಂದು ಸಲ ಹಾಕಿಬಿಡಿ. ಬೆಳಗಾಗುವಷ್ಟರಲ್ಲಿ ಅವನು ದೇಶದ್ರೋಹಿಯಾಗಿದ್ದ. ಸೈನಿಕನ ಸಾವಿಗೆ ಬೆಲೆ ಕಟ್ಟುತ್ತೀಯಾ ಅಂತ ಒಬ್ಬ. ನಿನ್ನಪ್ಪ ಎಷ್ಟು ಕೊಟ್ಟಿದ್ದಾನೆ ಅಂತ ಇನ್ನೊಬ್ಬ. ಕೊನೆಗೆ ಗುಂಪಿನಿಂದ ತೆಗೆದು ಹಾಕಿದರು. ಹಬ್ಬಕ್ಕೆ ಬಂದಾಗ ಅವನ ತಂದೆಯೇ, ನಿನಗೆಂತಕ್ಕೆ ಬೇಕಿತ್ತು ಮಾರಾಯ ಅಂದರಂತೆ.

ಬೈದವರನ್ನು ಕೆಟ್ಟವರು ಅಂತ ನಾನು ಬರೆಯುವುದಿಲ್ಲ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರೇ. ಅವರಿಗೆ ಲೆಕ್ಕ ಅನ್ನುವುದು ಅನುಮಾನ ಅನ್ನುವ ಹಾಗೆ ಕೇಳಿಸಿತು. ಮತ್ತೆ ಕೆಲವರಿಗೆ ಅದು ಹಾಗೆ ಕೇಳಿಸಿದ್ದೇ ಅನುಕೂಲ.

ಎರಡನೆಯ ಪ್ರಯತ್ನ ಮಾಹಿತಿ ಹಕ್ಕಿನ ಅರ್ಜಿ. ಇದನ್ನು ಹಾಕಿದ್ದು ಊರಿನ ನಿವೃತ್ತ ಮೇಷ್ಟ್ರು. ಮೊದಲ ಅರ್ಜಿ ಮೂರು ಪುಟ. ಅರ್ಧ ಪ್ರಶ್ನೆ, ಅರ್ಧ ದೂರು. ಸಮಿತಿಯ ಲೆಕ್ಕ, ಜಮೀನಿನ ಭರವಸೆ, ಕಟ್ಟೆಯ ಅನುಮತಿ, ಎಲ್ಲವೂ ಒಂದರಲ್ಲೇ. ಅದು ವಾಪಸ್ ಬಂತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯದ ಮೇಲೆ ಇರಬೇಕು, 150 ಪದ ಮೀರಬಾರದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನೋಂದಣಿಯೇ ಇಲ್ಲದ ಖಾಸಗಿ ಸಮಿತಿ 2005ರ ಕಾಯ್ದೆಯ ಸಾರ್ವಜನಿಕ ಪ್ರಾಧಿಕಾರ ಆಗುವುದಿಲ್ಲ. ಊರವರ ದೇಣಿಗೆಯ ಲೆಕ್ಕ ಆ ಕಾಯ್ದೆಯಲ್ಲಿ ಸಿಗುವುದಿಲ್ಲ.

ಆದರೆ ಪಂಚಾಯಿತಿ ಕೊಟ್ಟ ದುಡ್ಡು? ಅದು ಮನೆಗಂದಾಯದ ದುಡ್ಡು. ಮೇಷ್ಟ್ರು ಎರಡನೇ ಸಲ 10 ರೂಪಾಯಿ ಶುಲ್ಕ ಕಟ್ಟಿ ಮೂರೇ ಸಾಲು ಬರೆದರು. ಸ್ಮಾರಕಕ್ಕೆ ಹಣ ಕೊಟ್ಟ ಠರಾವಿನ ಪ್ರತಿ, ಚೆಕ್ ಯಾರ ಹೆಸರಿಗೆ ಹೋಯಿತು ಅನ್ನುವ ವೋಚರಿನ ಪ್ರತಿ, ಹಣ ಬಳಕೆ ಪ್ರಮಾಣಪತ್ರದ ಪ್ರತಿ. 30 ದಿನ ಕಳೆದರೂ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು. ಠರಾವು ಇತ್ತು. ಚೆಕ್ ಒಬ್ಬ ವ್ಯಕ್ತಿಯ ಹೆಸರಿಗೆ ಹೋಗಿತ್ತು. ಬಳಕೆ ಪ್ರಮಾಣಪತ್ರ ಲಭ್ಯವಿಲ್ಲ ಅಂತ ಬರೆದು ಸಹಿ ಹಾಕಿದ್ದರು.

ಆ ಒಂದು ಸಾಲು ಕೈಗೆ ಬಂದಮೇಲೆ ಮಾತಿನ ದಾರಿ ಬದಲಾಯಿತು. ಸಮಿತಿಯವರು ತಿಂದರೋ ಇಲ್ಲವೋ ಅನ್ನುವ ಪ್ರಶ್ನೆ ಪಕ್ಕಕ್ಕೆ ಹೋಯಿತು. ಪಂಚಾಯಿತಿ ತಾನು ಕೊಟ್ಟ ಹಣಕ್ಕೆ ರಸೀದಿ ಕೇಳಿದೆಯೋ ಇಲ್ಲವೋ ಅನ್ನುವುದು ಮುಂದೆ ಬಂತು.

ಠಾಣೆಯೋ ಗ್ರಾಮಸಭೆಯೋ

ಇಲ್ಲಿ ಊರು ಎರಡು ಭಾಗವಾಗುವುದರಲ್ಲಿತ್ತು. ಠಾಣೆಗೆ ದೂರು ಕೊಡೋಣ ಅನ್ನುವವರು ಜಾಸ್ತಿಯೇ ಇದ್ದರು. ಬೇಡ ಅಂದದ್ದು ನಿವೃತ್ತ ಸುಬೇದಾರರು. ಅವರ ಕಾರಣ ಸರಳ. ಕೇಸಾದರೆ ಹಣ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ, ಯೋಧನ ಪತ್ನಿ ಸಾಕ್ಷಿಯಾಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ. ಆಕೆ ನೀರು ತರುವ ಬಾವಿಯ ದಾರಿ ಖಜಾಂಚಿಯ ಮನೆ ಮುಂದೆಯೇ ಹೋಗುತ್ತದೆ.

ಮೊದಲು ಆಕೆಯನ್ನು ಕೇಳಿ ಅಂದವರೂ ಸುಬೇದಾರರೇ. ಅಲ್ಲಿಯ ತನಕ ಎರಡು ಕಡೆಯವರೂ ಆಕೆಯ ಹೆಸರಲ್ಲೇ ಮಾತಾಡುತ್ತಿದ್ದರು. ಆಕೆಗೆ ನೋವಾಗುತ್ತದೆ ಅಂತ ಸಮಿತಿ. ಆಕೆಗೆ ಮೋಸವಾಗಿದೆ ಅಂತ ಎದುರಿನವರು. ಮೇಷ್ಟ್ರು ಮತ್ತು ಸ್ತ್ರೀಶಕ್ತಿ ಸಂಘದ ಇಬ್ಬರು ಹೋಗಿ ಕೂತರು. ಆಕೆ ಹೇಳಿದ್ದು ಇಷ್ಟು: “ನನ್ನ ಹೆಸರಲ್ಲಿ ಜಗಳ ಬೇಡ ಮೇಷ್ಟ್ರೇ. ಆದ್ರೆ ಲೆಕ್ಕ ಬೇಡ ಅಂತ ನಾನು ಯಾವತ್ತೂ ಹೇಳ್ಲಿಲ್ಲ. ನನ್ನನ್ನ ಯಾರೂ ಕೇಳಲೂ ಇಲ್ಲ.” ಆಮೇಲೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರ ತುಂಬ ರೆಕಾರ್ಡ್ ಆಫೀಸಿನ ಪತ್ರಗಳು. ಎಲ್ಲವೂ ಇಂಗ್ಲಿಷಿನಲ್ಲಿ. ಹಲವನ್ನು ಒಡೆದೂ ಇರಲಿಲ್ಲ.

ಈ ಪ್ರಕರಣದ ಮೊದಲ ತಿರುವು ಇದೇ ಅಂತ ನನ್ನ ಎಣಿಕೆ. ಆ ಚೀಲ ಸುಬೇದಾರರ ಕೈಗೆ ಹೋಯಿತು. ಅವರು ಸ್ಮಾರಕದ ಗಲಾಟೆಗೆ ಕಾಯಲಿಲ್ಲ. ಮಗುವಿನ ಜನನ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಹೆಸರಿನ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸಿದರು. ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದರು. ನಿಧಾನವಾಗಿಯೇ ಆದರೂ ದಾಖಲೆ ಸರಿಹೋಯಿತು.

ಗ್ರಾಮಸಭೆ

ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಸ್ಮಾರಕದ ಹಣ ಒಂದು ವಿಷಯವಾಗಿ ಸೇರಿತು. ಮಾಹಿತಿ ಹಕ್ಕಿನ ಉತ್ತರ ಕೈಯಲ್ಲಿದ್ದುದರಿಂದ ಸೇರಿಸುವುದಿಲ್ಲ ಅನ್ನಲು ಪಿಡಿಒಗೆ ಆಗಲಿಲ್ಲ. ಪುಷ್ಯ ಮಳೆ ಹಿಡಿದಿತ್ತು. ಆದರೂ ಶಾಲೆಯ ಹಾಲ್ ತುಂಬಿತ್ತು. ಸಾಮಾನ್ಯವಾಗಿ ಕೋರಂಗೇ ಪರದಾಟ, ನಿಮ್ಮೂರಲ್ಲೂ ಹಾಗೇ ಅಲ್ವಾ?

ಶುರುವಿನಲ್ಲಿ ಅದೇ ಹಳೇ ಮಾತು. ಪ್ರಾಣ ಕೊಟ್ಟವನ ಲೆಕ್ಕ ಕೇಳುವುದು ಅವಮಾನ ಅಂತ ಸಮಿತಿಯ ಒಬ್ಬರು ಎದ್ದು ಹೇಳಿದರು. ಹಿಂದಿನ ಸಾಲಿನಿಂದ ಘೋಷಣೆಯೂ ಬಂತು. ನೋಡಲ್ ಅಧಿಕಾರಿ ಮುಂದಿನ ವಿಷಯಕ್ಕೆ ಹೋಗೋಣ ಅನ್ನುವ ಮುಖ ಮಾಡಿದರು.

ಆಗ ಸುಬೇದಾರರು ಎದ್ದರು. ಅವರು ಭಾಷಣ ಮಾಡುವವರಲ್ಲ. ಹೇಳಿದ್ದು ಸುಮಾರು ಹೀಗೆ: “ಅವನು ತೀರಿಕೊಂಡ ಮೇಲೆ ಸೈನ್ಯ ಮೊದಲು ಎಂತ ಮಾಡ್ತು ಗೊತ್ತುಂಟಾ? ಕೋರ್ಟ್ ಆಫ್ ಎನ್ಕ್ವೈರಿ. ಗಾಡಿ ಯಾರು ಓಡಿಸ್ತಿದ್ದ, ಯಾರ ಆರ್ಡರಲ್ಲಿ ಹೋದ್ರು, ಗಾಡಿ ಕಂಡೀಷನ್ ಹೆಂಗಿತ್ತು, ಎಲ್ಲ ಕೇಳಿದ್ರು. ಎಲ್ರದ್ದೂ ಹೇಳಿಕೆ ಬರ್ಕೊಂಡ್ರು. ಆ ಎನ್ಕ್ವೈರಿಲಿ ಅವನು ಡ್ಯೂಟಿ ಮೇಲಿದ್ದ ಅಂತ ಬರೆದಿದ್ದಕ್ಕೇ ಇವತ್ತು ಮನೆಗೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್ ಬರೋದು. ಕೇಳಿದ್ದು ಅವಮಾನ ಅಂತ ಅವತ್ತು ಯಾರೂ ಅನ್ಲಿಲ್ಲ. ಅವನ ಸಾವಿಗೇ ಲೆಕ್ಕ ಬರೆದಿದ್ದಾರೆ, ನಿಮ್ಮ ಸಿಮೆಂಟಿಗೆ ಎಂತ ಕಷ್ಟ?”

ಈ ಮಾತಿನ ಹಿಂದಿನ ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಸೈನಿಕನ ಸಾವು ಸೇವೆಗೆ ಸಂಬಂಧಿಸಿದ್ದಲ್ಲ ಅಂತಾದರೆ ಸಾಮಾನ್ಯ ಕುಟುಂಬ ಪಿಂಚಣಿ, ಕೊನೆಯ ವೇತನದ ಶೇ 30ರ ಲೆಕ್ಕದಲ್ಲಿ. ಮೊದಲ ಕೆಲವು ವರ್ಷ ಅದಕ್ಕಿಂತ ಹೆಚ್ಚು ಸಿಗುವುದುಂಟು. ಕರ್ತವ್ಯದ ಮೇಲಿದ್ದಾಗಿನ ಅಪಘಾತದಂಥ, ಸೇವೆಯಿಂದಾದ ಸಾವು ಅಂತಾದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಯುದ್ಧದಲ್ಲೋ ಉಗ್ರರ ಜೊತೆಗಿನ ಕಾಳಗದಲ್ಲೋ ಆದರೆ ಉದಾರೀಕೃತ ಪಿಂಚಣಿ, ಕೊನೆಯ ವೇತನದಷ್ಟೇ. ಯಾವುದು ಅಂತ ಯಾರ ಭಾವನೆಯಿಂದಲೂ ತೀರ್ಮಾನ ಆಗುವುದಿಲ್ಲ. ಕೇಳಿ, ದಾಖಲಿಸಿ, ಸಹಿ ಹಾಕಿದ ಕಾಗದದಿಂದ ಆಗುತ್ತದೆ. ಇಲ್ಲಿನ ಪ್ರಕರಣ ಎರಡನೆಯ ವರ್ಗದ್ದು. ವೇದಿಕೆಯ ಮೇಲೆ ಮಾತಾಡಿದವರು ಎಲ್ಲವನ್ನೂ ಮೂರನೆಯ ವರ್ಗ ಅಂದುಕೊಂಡೇ ಭರವಸೆ ಕೊಟ್ಟಿದ್ದರು.

ಸುಬೇದಾರರು ಕೂತ ಮೇಲೆ ಖಜಾಂಚಿ ತಾವೇ ಎದ್ದರು. ಲೆಕ್ಕ ಬರೆದಿದ್ದೇನೆ, ಪೂರ್ತಿ ಇಲ್ಲ, ನೋಡುವವರು ನೋಡಲಿ ಅಂದರು. ಐದು ಜನರ ತಂಡ ಆಯಿತು. ಸಮಿತಿಯಿಂದ ಇಬ್ಬರು, ಹೊರಗಿನಿಂದ ಇಬ್ಬರು, ಸ್ತ್ರೀಶಕ್ತಿ ಸಂಘದಿಂದ ಒಬ್ಬರು. ಬೈಸಿಕೊಂಡ ಹುಡುಗನನ್ನೂ ಸೇರಿಸಿ ಅಂತ ಯಾರೋ ಅಂದರು. ಅವನು ಬರಲಿಲ್ಲ. ಒತ್ತಾಯ ಮಾಡುವ ಮುಖ ನಮಗೂ ಇರಲಿಲ್ಲ.

ಲೆಕ್ಕದಲ್ಲಿ ಸಿಕ್ಕಿದ್ದು

ದೊಡ್ಡ ಕಳ್ಳತನ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಬಂದ ಹಣದಲ್ಲಿ ಹೆಚ್ಚಿನ ಪಾಲು ಹೋದದ್ದು ಸನ್ಮಾನ ಸಮಾರಂಭಗಳಿಗೆ. ಶಾಮಿಯಾನ, ಫ್ಲೆಕ್ಸು, ಧ್ವನಿವರ್ಧಕ, ಮೈಸೂರು ಪೇಟ, ಬಂದ ಗಣ್ಯರಿಗೆ ಸ್ಮರಣಿಕೆ, ಊಟ. ಸ್ಮಾರಕದ ಕಟ್ಟೆಗೆ ಹೋದದ್ದು ಅದಕ್ಕಿಂತ ಕಡಿಮೆ. ಎಲ್ಲರೂ ಬಂದು ಉಂಡು ಹೋದ ಸಮಾರಂಭ ಅದು. ಬೈದವರೂ ಉಂಡಿದ್ದರು, ಲೆಕ್ಕ ಕೇಳಿದವರೂ ಉಂಡಿದ್ದರು. ಶಿಲ್ಪಿಗೆ ಮುಂಗಡ ಕೊಟ್ಟದ್ದಕ್ಕೆ ರಸೀದಿ ಇತ್ತು. ಜೆಸಿಬಿ, ಕಲ್ಲು, ಮರಳಿಗೆ ಅರ್ಧ ಬಿಲ್ಲು, ಅರ್ಧ ಚೀಟಿ.

ಉಳಿದದ್ದರಲ್ಲಿ ಒಂದು ಭಾಗವನ್ನು ಖಜಾಂಚಿ ಸ್ವಂತಕ್ಕೆ ಬಳಸಿದ್ದರು. ಅವರದು ಸಣ್ಣ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಿದ್ದು ಆ ವರ್ಷ ಫಸಲು ಕೈಕೊಟ್ಟಿತ್ತು. ಸೊಸೈಟಿಯ ಸಾಲ ಸುಸ್ತಿಯಾಗುವುದರಲ್ಲಿತ್ತು. ಸುಗ್ಗಿಯಲ್ಲಿ ಕಟ್ಟಿಬಿಡುತ್ತೇನೆ ಅಂತ ತೆಗೆದದ್ದು. ಮುಂದಿನ ವರ್ಷವೂ ರೋಗ. ಹಣ ಅವರ ಸ್ವಂತ ಖಾತೆಯಲ್ಲೇ ಇದ್ದುದರಿಂದ ಯಾವುದು ಯಾರದ್ದು ಅನ್ನುವ ಗೆರೆ ಅವರಿಗೇ ಅಳಿಸಿಹೋಗಿತ್ತು. ಕನಿಕರಕ್ಕೆ ಕಾರಣ ಇದೆ. ಆದರೆ ಹಣ ಊರಿನದು.

ತಂಡದಲ್ಲಿ ಇದರ ಮೇಲೆ ಬಹಳ ಚರ್ಚೆಯಾಯಿತು. ಕೊನೆಗೆ ಆದ ತೀರ್ಮಾನ: ಪಂಚಾಯಿತಿಯ ಹಣ ಮೊದಲು ವಾಪಸ್, ಒಂದೇ ಕಂತಿನಲ್ಲಿ, ರಸೀದಿ ಸಮೇತ, ಯಾಕೆಂದರೆ ಅದರಲ್ಲಿ ರಿಯಾಯಿತಿ ಕೊಡುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ಊರವರ ದೇಣಿಗೆಯ ಪಾಲು ಎರಡು ಸುಗ್ಗಿಯಲ್ಲಿ, ಛಾಪಾ ಕಾಗದದ ಮೇಲೆ ಬರೆದುಕೊಟ್ಟು. ಪಂಚಾಯಿತಿಯ ಪಾಲಿಗೆ ಖಜಾಂಚಿಯ ತಮ್ಮ ಮಂಡಿಯಲ್ಲಿ ಮುಂಗಡ ಎತ್ತಿ ಕಟ್ಟಿದರು. ಕ್ರಿಮಿನಲ್ ದೂರು ಕೊಡದೆ ಬಿಟ್ಟದ್ದು ತಪ್ಪು ಅನ್ನುವವರು ಈಗಲೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ. ಪಂಚಾಯಿತಿ ಹಣವನ್ನು ವ್ಯಕ್ತಿಯ ಹೆಸರಿಗೆ ಚೆಕ್ ಬರೆದವರಿಗೆ ಏನೂ ಆಗಲಿಲ್ಲ. ಮುಂದಿನ ಜಮಾಬಂದಿಯಲ್ಲಿ, ಅಂದರೆ ಪಂಚಾಯಿತಿ ಲೆಕ್ಕದ ವಾರ್ಷಿಕ ಪರಿಶೀಲನೆಯಲ್ಲಿ, ಒಂದು ಆಕ್ಷೇಪಣೆ ಬರೆದರು, ಅಷ್ಟೇ. ನನಗೆ ಈ ಇಡೀ ಪ್ರಕರಣದಲ್ಲಿ ಸಮಾಧಾನವಿಲ್ಲದ ಭಾಗ ಇದು. ಖಜಾಂಚಿ ಊರ ಮುಂದೆ ಎದ್ದು ನಿಂತರು, ಸಹಿ ಹಾಕಿದವರು ನಿಲ್ಲಬೇಕಾಗಿ ಬರಲಿಲ್ಲ.

ಸ್ಮಾರಕ ಏನಾಯಿತು

ಪುತ್ಥಳಿಯ ಮಾತು ಬಿಟ್ಟುಹೋಯಿತು. ಇದಕ್ಕೆ ಮೇಷ್ಟ್ರ ಪಾಲು ದೊಡ್ಡದು. ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲೂ ಸಾಲಾಗಿ ನಿಲ್ಲಿಸಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟೋ ಕಲ್ಲುಗಳಲ್ಲಿ ಬರಹವೂ ಇರುತ್ತದೆ. ಸತ್ತವನು ಯಾರು, ಯಾವ ಕಾಳಗದಲ್ಲಿ, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಎಷ್ಟು ಗದ್ದೆ ಬಿಟ್ಟರು, ಬಿಟ್ಟವರು ಯಾರು. ಪುತ್ಥಳಿಗಿಂತ ಇಂಥದ್ದೊಂದು ಕಲ್ಲೇ ವಾಸಿ, ಅದರಲ್ಲಿ ಮನೆಯವರಿಗೆ ಕೊಟ್ಟದ್ದನ್ನೂ ಬರೆಯಬೇಕಾಗುತ್ತದೆ ಅಂತ ಮೇಷ್ಟ್ರು ಚೇಷ್ಟೆಯಿಂದಲೇ ಹೇಳಿದರು. ಕೊಟ್ಟದ್ದು ಇನ್ನೂ ಏನೂ ಇಲ್ಲದ್ದರಿಂದ ಆ ಸಾಲು ಬರೆಯುವ ಹಾಗಿರಲಿಲ್ಲ.

ಕೊನೆಗೆ ಅನುಮತಿ ಪಡೆದು ಪ್ರೌಢಶಾಲೆಯ ಆವರಣದಲ್ಲಿ ಒಂದು ಕಲ್ಲಿನ ಫಲಕ ಹಾಕಿದರು. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಕರ್ತವ್ಯದಲ್ಲಿದ್ದಾಗ ಅನ್ನುವ ಪದ. ಹುತಾತ್ಮ ಅಂತ ಬರೆಯಬೇಕು ಅಂತ ಕೆಲವರು ಪಟ್ಟು ಹಿಡಿದಿದ್ದರು. ಇರೋದನ್ನ ಬರೀರಿ, ಅದೇ ಸಾಕು ಅಂದದ್ದು ಆತನ ಪತ್ನಿ. ಉಳಿದ ಹಣವನ್ನು ಡಿಸೆಂಬರ್ 7ರ ಧ್ವಜ ದಿನಾಚರಣೆಯ ನಿಧಿಗೆ ಕೊಡೋಣ ಅಂತ ಒಂದು ಸಲಹೆ ಇತ್ತು. ಅದು 1949ರಿಂದ ನಡೆದು ಬಂದದ್ದು, ಕೊಟ್ಟದ್ದಕ್ಕೆ ರಸೀದಿ ಸಿಗುತ್ತದೆ. ಆದರೆ ಕೊಟ್ಟವರು ಊರಿಗೆ ಅಂತ ಕೊಟ್ಟದ್ದು. ಶಾಲೆಗೆ ಹೋಗುವ ದಾರಿಯ ಹಳ್ಳಕ್ಕೆ ಗಟ್ಟಿಯಾದ ಕಾಲುಸಂಕ ಬೇಕು ಅಂತ ಸ್ತ್ರೀಶಕ್ತಿ ಸಂಘದವರು ಕೇಳಿದರು. ಅದು ಪಂಚಾಯಿತಿ ಮಾಡಬೇಕಾದ ಕೆಲಸ, ದೇಣಿಗೆಯಲ್ಲಿ ಮಾಡಿದರೆ ಅವರು ಕೈತೊಳೆದುಕೊಳ್ಳುತ್ತಾರೆ ಅಂತ ಸುಬೇದಾರರು ಒಪ್ಪಲಿಲ್ಲ. ಹಣ ಈಗ ಜಂಟಿ ಖಾತೆಯಲ್ಲಿದೆ. ಮೂವರ ಸಹಿ ಬೇಕು, ಅದರಲ್ಲಿ ಒಬ್ಬರು ಯೋಧನ ಪತ್ನಿ. ಹೈಸ್ಕೂಲು ಮುಗಿಸಿದ ಮಕ್ಕಳ ಫೀಸಿಗೆ ಅಂತ ಸ್ವಲ್ಪ ಹೋಗಿದೆ.

ಇಂಥ ಸಮಿತಿ ಮಾಡಲು ಹೊರಟ ಬೇರೆ ಊರಿನವರು ನಮ್ಮನ್ನು ಕೇಳಿದಾಗ ಹೇಳುವುದು ಬಹಳ ಇಲ್ಲ. ಖಾತೆ ಒಬ್ಬರ ಹೆಸರಲ್ಲಿ ಬೇಡ. 1960ರ ಸಂಘಗಳ ಕಾಯ್ದೆಯಲ್ಲಿ ನೋಂದಾಯಿಸಿದರೆ ವರ್ಷವರ್ಷ ಲೆಕ್ಕ ಕೊಡಲೇಬೇಕು, ಆ ತಲೆನೋವು ಒಳ್ಳೆಯದೇ. ಜಾಗದ ಅನುಮತಿ ಬರಹದಲ್ಲಿ ಬರುವ ತನಕ ಒಂದು ಕಲ್ಲೂ ಇಡಬೇಡಿ. ಶಾಲು ತರುವ ಮೊದಲು ಮನೆಯವರ ಹತ್ತಿರ ಕೂತು ಪಿಪಿಒ (ಪಿಂಚಣಿ ಪಾವತಿ ಆದೇಶ) ಬಂದಿದೆಯಾ, ಮಕ್ಕಳ ಹೆಸರು ಸೇರಿದೆಯಾ ಕೇಳಿ. ವೇದಿಕೆಯಲ್ಲಿ ಯಾರಾದರೂ ಭರವಸೆ ಕೊಟ್ಟರೆ ಅವತ್ತೇ ಬರೆದುಕೊಂಡು, ಮಾರನೇ ವಾರ ಅರ್ಜಿಯಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಇದಿಷ್ಟು ನಾವು ಮಾಡಿದ್ದರೆ ಒಬ್ಬ ಹುಡುಗ ಊರಿನ ಗುಂಪಿನಿಂದ ಹೊರಗೆ ಬೀಳುತ್ತಿರಲಿಲ್ಲ.

ಇನ್ನು ಆ ಎರಡು ಎಕರೆ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲು ಪಾಲು ಇದೆ. ನಿಯಮ ಇದ್ದರೂ ಮಲೆನಾಡಿನಲ್ಲಿ ಕೊಡಲು ಜಾಗ ಎಲ್ಲಿದೆ? ಒಂದು ಕಡೆ ಕಾಡು, ಇನ್ನೊಂದು ಕಡೆ ಕಾಡು ಅಂತಲೇ ಪರಿಗಣಿಸುವ ಡೀಮ್ಡ್ ಫಾರೆಸ್ಟ್, ಮತ್ತೊಂದು ಕಡೆ ತೋಟದವರು ಸೊಪ್ಪು ತರುವ ಸೊಪ್ಪಿನಬೆಟ್ಟ. ಅರ್ಜಿಯಲ್ಲಿ ತೋರಿಸಿದ ಸರ್ವೆ ನಂಬರ್ ಗೋಮಾಳ. ನೂರು ಜಾನುವಾರಿಗೆ 30 ಎಕರೆ ಉಳಿಸಿಕೊಳ್ಳಬೇಕು ಅನ್ನುವ ನಿಯಮ ಅಡ್ಡ ಬಂತು. ಮೊದಲಾದರೆ ನೋಡೋಣ, ಮಾಡೋಣ ಅಂತ ವಾಪಸ್ ಕಳಿಸುತ್ತಿದ್ದರು. ಈ ಸಲ ಸುಬೇದಾರರು ಪಟ್ಟು ಹಿಡಿದು, ಯಾಕೆ ಆಗುವುದಿಲ್ಲ ಅಂತ ಹಿಂಬರಹ ಬರೆಸಿಕೊಂಡು ಬಂದರು. ಅದನ್ನು ಇಟ್ಟುಕೊಂಡು ಪಕ್ಕದ ಗ್ರಾಮದ ಬೇರೆ ಸರ್ವೆ ನಂಬರಿಗೆ ಹೊಸ ಅರ್ಜಿ ಹೋಗಿದೆ. ಸ್ಕೆಚ್ ಆಗಬೇಕು. ಸರ್ವೆಯರ್ ಮಳೆ ನಿಂತ ಮೇಲೆ ಬರುತ್ತೇನೆ ಅಂದಿದ್ದಾರೆ, ಆ ಮಾತನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇವೆ.